ಎರಡು ಗಂಟೆಯ ಕೆಲಸ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಮದುವೆಯಾದ ಮೂರನೆಯ ದಿನವೇ ಹೇಳಿದ್ದರು. ಇರಲಿ ಬಿಡಿ, ಮೂಗು ನನ್ನದು. ಇಲ್ಲಿ ಹೇಳಹೊರಟಿರುವುದು ನನ್ನ ಕಥೆಯಲ್ಲ, ನೊರೆಯಕ್ಕನದು. ಆದರೆ ಅವಳಿಗಾದ ಅನ್ಯಾಯದಲ್ಲಿ ನನ್ನ ಕೈಯೂ ಇದೆ. ಹಾಗಾಗಿ ನಡುನಡುವೆ ನಾನೂ ಬರಬೇಕಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಚರ್ಚು ಒಂದು ಆರೈಕೆ ಮನೆ ನಡೆಸುತ್ತದೆ. ಹಾಸಿಗೆ ಹಿಡಿದವರು, ತಾವಾಗಿ ಮಗ್ಗಲು ಬದಲಿಸಲೂ ಆಗದವರು, ಅಂಥ ಮೂವತ್ತೆರಡು ಮಂದಿ ಅಲ್ಲಿದ್ದಾರೆ. ಅವರ ಹಾಸು, ಹೊದಿಕೆ, ಮೈಮೇಲಿನ ಬಟ್ಟೆ ಎಲ್ಲವನ್ನೂ ಹತ್ತೊಂಬತ್ತು ವರ್ಷ ಒಗೆದವಳು ನೊರೆಯಕ್ಕ. ಯಾವಾಗ ನೋಡಿದರೂ ಮೊಣಕೈವರೆಗೆ ಸೋಪಿನ ನೊರೆ ಇರುತ್ತಿದ್ದುದರಿಂದ ಯಾರೋ ಇಟ್ಟ ಹೆಸರು ಅದು. ಅವಳ ನಿಜವಾದ ಹೆಸರಿನಿಂದ ಅವಳ ಅತ್ತೆಯೂ ಕರೆಯುವುದಿಲ್ಲ.

ಒಗೆಯುವ ಕೋಣೆ ಕಟ್ಟಡದ ಹಿಂಭಾಗದಲ್ಲಿದೆ, ನಾಲ್ಕು ಮೆಟ್ಟಿಲು ಕೆಳಗೆ. ಎರಡು ಸಿಮೆಂಟ್ ತೊಟ್ಟಿ, ತಿರುಗುವಾಗ ಗೋಡೆಯನ್ನೇ ನಡುಗಿಸುವ ಒಂದು ಹಳೆಯ ಮೆಷಿನ್, ಮೇಲೊಂದು ಸಣ್ಣ ಕಿಟಕಿ. ನಾನು ಹೊಲಿಗೆಯವಳು. ಪ್ರತಿ ಮಂಗಳವಾರ ಅದೇ ಕೋಣೆಯ ಮೂಲೆಯಲ್ಲಿ ಕೂತು ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕಿಕೊಡುತ್ತೇನೆ. ನೊರೆಯಕ್ಕ ಬೆಡ್‌ಶೀಟುಗಳ ಜೊತೆ ಮಾತಾಡುತ್ತಿದ್ದಳು. "ಏನಜ್ಜ, ಮತ್ತೆ ಮಾತ್ರೆ ಉಗುಳಿದೀಯಾ?" ಎನ್ನುವಳು. "ಹದಿನೇಳನೇ ಮಂಚದೋರಿಗೆ ಊಟ ಸೇರ್ತಿಲ್ಲ ಕಣೆ, ನೋಡಿಲ್ಲಿ" ಎನ್ನುವಳು. ಒಮ್ಮೆ ಒಬ್ಬ ಅಜ್ಜಿಯ ಹಾಸಿನಲ್ಲಿ ಬೊಟ್ಟಿನಷ್ಟು ರಕ್ತ ಕಂಡು, ಒದ್ದೆ ಕೈಯಲ್ಲೇ ಮೇಲಕ್ಕೆ ಓಡಿ ಡಾಕ್ಟರನ್ನು ಕರೆತಂದಿದ್ದಳು. ನರ್ಸುಗಳು ಆಗಿನ್ನೂ ನೋಡಿರಲಿಲ್ಲ. ಆ ಅಜ್ಜಿ ಆಮೇಲೆ ಮೂರು ವರ್ಷ ಬದುಕಿದಳು.

ನೊರೆಯಕ್ಕನ ಗಂಡ ಗೋಡೆಗೆ ಬಣ್ಣ ಹೊಡೆಯುವವನು, ಒಂಬತ್ತು ವರ್ಷದ ಹಿಂದೆ ತೀರಿಕೊಂಡ. ಮಕ್ಕಳಿಲ್ಲ. ಅವನು ಬಿಟ್ಟುಹೋದದ್ದು ತನ್ನ ತಾಯಿಯನ್ನು ಮತ್ತು ಆ ತಾಯಿಯ ನಾಲಿಗೆಯನ್ನು. ಒಂದೂವರೆ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ. ದಿನಕ್ಕೆರಡು ಜಗಳ ಕಡ್ಡಾಯ. "ಇವಳು ಊರವರ ಬಟ್ಟೆಯನ್ನೆಲ್ಲ ಬೆಳ್ಳಗೆ ಮಾಡ್ತಾಳೆ, ನನ್ನ ದಿಂಬಿನ ಕವರ್ ಮಾತ್ರ ಹಾಗೇ ಇದೆ" ಎಂದು ಮುದುಕಿ ಸಿಕ್ಕವರಿಗೆಲ್ಲ ದೂರು ಹೇಳುತ್ತಿತ್ತು. ಆ ಮುದುಕಿಯ ಔಷಧಿ, ಆ ಕೋಣೆಯ ಬಾಡಿಗೆ, ಇಬ್ಬರ ಹೊಟ್ಟೆ, ಎಲ್ಲ ನಿಂತಿದ್ದು ನೊರೆಯಕ್ಕನ ಆ ಒಂದು ಕೆಲಸದ ಮೇಲೆ.

ಇನ್ನು ನನ್ನ ಪಾಪಕ್ಕೆ ಬರೋಣ. ಭಾನುವಾರ ಮಧ್ಯಾಹ್ನ ನಾನು ಚರ್ಚಿನ ಯುವ ಬಳಗಕ್ಕೆ ಪಾಠ ಹೇಳುತ್ತೇನೆ. ಹದಿನಾರರಿಂದ ಇಪ್ಪತ್ತರ ವಯಸ್ಸಿನ ಹನ್ನೊಂದು ಮಂದಿ. ಕಳೆದ ವರ್ಷ ಮೇಲಿನಿಂದ ಹೊಸದೊಂದು ಯೋಜನೆ ಬಂತು: ಮಕ್ಕಳು ಸೇವೆ ಮಾಡುತ್ತ ನ್ಯಾಯ ಎಂದರೇನು ಎಂದು ಕಲಿಯಬೇಕು. ಅದಕ್ಕೆ ತಲೆಗೊಂದು ಸೇವಾ ಪುಸ್ತಕ. ಅದರಲ್ಲಿ ಮಾಡಿದ ಕೆಲಸ, ಹಿಡಿದ ಸಮಯ, ಕಲಿತ ಪಾಠ, ಕೊನೆಯಲ್ಲಿ "ಇಂದು ದೇವರನ್ನು ಯಾರಲ್ಲಿ ಕಂಡೆ?" ಎಂಬ ಪ್ರಶ್ನೆ. ಒಬ್ಬ ಹುಡುಗ ಪ್ರತಿ ಸಲವೂ "ಮೆಷಿನ್ನಿನಲ್ಲಿ" ಎಂದು ಬರೆದ. ಕಿವಿ ಹಿಂಡಿದೆ.

ಬಡವರನ್ನು ಹುಡುಕಿಕೊಂಡು ಎಲ್ಲಿಗೋ ಹೋಗುವುದೇಕೆ, ನಮ್ಮದೇ ಆರೈಕೆ ಮನೆ ಇದೆಯಲ್ಲ ಎಂದು ಶನಿವಾರಗಳಂದು ಮಕ್ಕಳನ್ನು ಒಗೆಯುವ ಕೋಣೆಗೆ ಹಾಕಿಸಿದವಳು ನಾನೇ. ಮೊದಲ ಶನಿವಾರದ ಹಿಂದಿನ ಮಂಗಳವಾರ ನೊರೆಯಕ್ಕನ ಹತ್ತಿರ ಹೋಗಿ ಹಲ್ಲು ಗಿಂಜಿದವಳೂ ನಾನೇ.

"ಅಕ್ಕ, ಮಕ್ಕಳು ಮೊದಲನೇ ಸಲ ಬರ್ತಿದಾರೆ. ರಾತ್ರಿ ಬಕೆಟ್ ನೋಡಿದ್ರೆ ವಾಪಸ್ ಬರಲ್ಲ. ಅದೊಂದನ್ನ ನೀನೇ ಮುಂಚೆ ಮುಗಿಸಿಬಿಡ್ತೀಯಾ?"

"ಎಷ್ಟು ದಿನ?"

"ಒಂದೆರಡು ವಾರ. ಅಭ್ಯಾಸ ಆಗೋವರೆಗೆ."

"ಆಯ್ತು ಬಿಡು. ನಿನ್ನ ಮಕ್ಕಳು ಮೇಣದ ಗೊಂಬೆಗಳು, ಕರಗಿಹೋದಾವು" ಎಂದು ನಕ್ಕಳು.

ರಾತ್ರಿ ಬಕೆಟ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ರಾತ್ರಿಯೆಲ್ಲ ಮಂಚಗಳಲ್ಲಿ ಗಲೀಜಾದ ಹಾಸು, ದಿಂಬಿನ ಚೀಲ, ಬಟ್ಟೆ ಎಲ್ಲ ಮುಚ್ಚಳವಿರುವ ನಾಲ್ಕು ದೊಡ್ಡ ಬಕೆಟ್ಟುಗಳಲ್ಲಿ ಬಂದು ಬಾಗಿಲ ಬಳಿ ಕೂರುತ್ತವೆ. ಅದನ್ನು ಕೈಯಿಂದ ಕೆರೆದು, ತೊಳೆದು, ನೆನೆಸಿ, ಮತ್ತೆ ತೊಳೆದು ಆಮೇಲಷ್ಟೇ ಮೆಷಿನ್ನಿಗೆ ಹಾಕಬಹುದು. ಒಂದೆರಡು ವಾರ ಎಂದದ್ದು ಒಂಬತ್ತು ವಾರವಾಯಿತು. ಒಂಬತ್ತು ಶನಿವಾರವೂ ಅವಳು ಬೆಳಗಿನ ಜಾವ ನಾಲ್ಕೂವರೆಗೆ ಬಂದು ಒಬ್ಬಳೇ ಆ ನರಕವನ್ನೆಲ್ಲ ಮುಗಿಸಿ, ನೆಲ ತೊಳೆದು, ವಾಸನೆ ಹೋಗಲೆಂದು ಬಾಗಿಲು ತೆರೆದಿಟ್ಟು, ಮಕ್ಕಳು ಬರುವ ಒಂಬತ್ತು ಗಂಟೆಗೆ ಹೂವಿನಂಥ ಬೆಡ್‌ಶೀಟುಗಳನ್ನು ಎತ್ತಿಕೊಡುತ್ತಿದ್ದಳು. ಮಕ್ಕಳು ಮೆಷಿನ್ನಿಗೆ ತುಂಬುವರು, ತೆಗೆಯುವರು, ಹಗ್ಗಕ್ಕೆ ಹಾಕುವರು, ಹಾಡುವರು. ಹನ್ನೊಂದಕ್ಕೆ ಮುಗಿಯುತ್ತಿತ್ತು. ನಿಲ್ಲಿಸು ಎಂದು ನಾನು ಅವಳಿಗೆ ಹೇಳಲೇ ಇಲ್ಲ. ಮರೆತಿದ್ದೆ. ಮರೆಯುವುದು ಎಷ್ಟು ಸುಲಭ ನೋಡಿ, ಏಳುವವಳು ಬೇರೆಯವಳಾದರೆ.

ಬಳಗದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಎಲ್ಲದಕ್ಕೂ ಗಂಟೆ ನಿಮಿಷ ಬರೆದಿಡುವ ಚಾಳಿಯಿಂದಾಗಿ ಅವಳ ಹೆಸರು ಗಡಿಯಾರ. ವರದಿ ಬರೆಯುವ ಕೆಲಸ ಅವಳಿಗೇ ಬಿತ್ತು. ಬರೆದಳು, ಚೊಕ್ಕವಾಗಿ. "ಮೂವತ್ತೆರಡು ಮಂಚಗಳ ಬಟ್ಟೆ. ಸರದಿಗೆ ನಾಲ್ಕು ಜನ. ಎರಡು ಗಂಟೆ. ಕಷ್ಟವೆಂದು ಅಂದುಕೊಂಡಿದ್ದೆವು, ಪ್ರೀತಿಯಿಂದ ಮಾಡಿದರೆ ಯಾವುದೂ ಕಷ್ಟವಲ್ಲ ಎಂದು ಕಲಿತೆವು." ನಾನು ಓದಿ, ಕಾಗುಣಿತ ತಿದ್ದಿ, ಬೆನ್ನು ತಟ್ಟಿದೆ.

ವರದಿ ಆರೈಕೆ ಮನೆಯ ಸಮಿತಿಗೆ ಹೋಯಿತು. ಸಮಿತಿಯ ಕಾರ್ಯದರ್ಶಿ ನಿವೃತ್ತ ಅಧಿಕಾರಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಎದ್ದು ನಿಂತು ವರದಿಯನ್ನು ಎತ್ತಿ ತೋರಿಸಿದರು.

"ನಮ್ಮ ಮಕ್ಕಳು ನಮಗೆಲ್ಲ ಪಾಠ ಕಲಿಸಿದಾರೆ. ಇನ್ನು ವಾರಕ್ಕೊಂದು ದಿನ ಅಲ್ಲ, ದಿನಾಲೂ ಈ ಸೇವೆ ನಡೆಯುತ್ತೆ. ಯುವ ಬಳಗ, ಮಹಿಳಾ ಕೂಟ, ಎಲ್ಲರೂ ಸರದಿ ಹಾಕ್ಕೊಳ್ಳೋಣ!"

ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಬೀಗಿದರು. ನಾನೂ ತಟ್ಟಿದೆ, ಅಂಗೈ ಕೆಂಪಾಗುವಷ್ಟು.

ಮಂಗಳವಾರ ಹೊಲಿಗೆಗೆ ಹೋದರೆ ಕೋಣೆಯಲ್ಲಿ ನೊರೆಯಕ್ಕ ಇಲ್ಲ. ಬಾಗಿಲ ಬಳಿ ಎಂಟು ಬಕೆಟ್ಟುಗಳು, ಎರಡು ರಾತ್ರಿಯವು. ನೊಣಗಳ ಸಂತೆ. ಒಬ್ಬ ಆಯಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೊಣಗುತ್ತ ಒಂದನ್ನು ತೊಟ್ಟಿಗೆ ಸುರಿಯುತ್ತಿದ್ದಳು.

"ಅಕ್ಕ ಎಲ್ಲಿ?" ಎಂದೆ.

"ನಿಮಗೆ ಗೊತ್ತಿಲ್ವಾ? ತೆಗೆದ್ರಲ್ಲ. ಭಾನುವಾರ ಸಾಯಂಕಾಲ ಕಾಗದ ಕೊಟ್ರು. ಇನ್ಮೇಲೆ ನಿಮ್ಮೋರೇ ಒಗೀತಾರಂತೆ. ನಿನ್ನೆ ಮಹಿಳಾ ಕೂಟದ ಸರದಿ ಇತ್ತು. ಒಬ್ಬರಿಗೆ ಮಂಡಿನೋವು, ಒಬ್ಬರ ಮನೆಗೆ ನೆಂಟರು, ಇನ್ನಿಬ್ಬರು ಮುಚ್ಚಳ ತೆಗೆದು ನೋಡಿ ಪ್ರಾರ್ಥನೆ ಮಾಡಿ ಹೋದ್ರು."

ನನ್ನ ಪಿತ್ತ ನೆತ್ತಿಗೇರಿತು. ಹೊಲಿಗೆ ಚೀಲವನ್ನು ಅಲ್ಲೇ ಬಿಸಾಡಿ ನೊರೆಯಕ್ಕನ ಮನೆಗೆ ಹೋದೆ. ಅವಳು ಮಂಚದ ಅಂಚಿನಲ್ಲಿ ಸುಮ್ಮನೆ ಕೂತಿದ್ದಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೈಗಳು ಒಣಗಿದ್ದವು, ಬೆರಳ ತುದಿಯ ಚರ್ಮ ಸುಕ್ಕುಗಟ್ಟಿ ಬಿಳಿಚಿಕೊಂಡಿತ್ತು.

"ಏನಕ್ಕ ಇದು? ನನಗ್ಯಾಕೆ ಹೇಳಲಿಲ್ಲ? ಆ ಕಾರ್ಯದರ್ಶಿನ ನಾನು ಸುಮ್ನೆ ಬಿಡಲ್ಲ. ನಿನ್ನ ಹೊಟ್ಟೆ ಮೇಲೆ ಹೊಡೀತಾನಾ..."

ಅವಳು ತಲೆಯೆತ್ತಿ ನೋಡಿದಳು. "ಅವನ್ನ ಯಾಕೆ ಬೈತೀಯಾ? ಎರಡು ಗಂಟೆ ಕೆಲಸ ಅಂತ ಬರೆದಿದ್ದು ನಿನ್ನ ಮಕ್ಕಳು. ಹಾಗೆ ಕಾಣೋ ಹಾಗೆ ಮಾಡು ಅಂದಿದ್ದು ನೀನು. ಮಾಡಿದ್ದು ನಾನು, ಈ ಕತ್ತೆ."

"ಅಕ್ಕ..."

"ಒಂದೆರಡು ವಾರ ಅಂದೆ. ಒಂಬತ್ತು ವಾರ ಎದ್ದು ನಾಲ್ಕೂವರೆಗೆ ಹೋದೆ. ಒಂದು ದಿನಾನಾದ್ರೂ ಕೇಳಿದ್ಯಾ, ಅಕ್ಕ ಸಾಕು ಅಂತ? ಹೋಗೇ, ಹೋಗು."

ಒಳಗಿನಿಂದ ಅತ್ತೆಯ ದನಿ ಬಂತು: "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೈ ಇವಳದ್ದು, ಬಾಯಿ ಊರವರದ್ದು!"

ಬೀದಿಗಿಳಿದು ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮೇಲಿನ ಕೋಪವನ್ನು ಬೇರೆ ಯಾರ ಮೇಲಾದರೂ ಇಳಿಸದೆ ಇದ್ದು ನನಗೆ ಅಭ್ಯಾಸವಿಲ್ಲ. ನೇರ ಕಾರ್ಯದರ್ಶಿಯ ಮನೆಗೇ ಹೋದೆ. ಪಾದ್ರಿಗಳೂ ಅಲ್ಲೇ ಕೂತಿದ್ದರು, ಕೈಯಲ್ಲಿ ಕಾಫಿ ಲೋಟ.

"ಸಾರ್, ಆಕೆನ ವಾಪಸ್ ತಗೊಳ್ಳಿ. ಆ ವರದಿ ಸುಳ್ಳು. ಅರ್ಧಕ್ಕಿಂತ ಜಾಸ್ತಿ ಕೆಲಸ ಆಕೆ ಮೊದಲೇ ಮುಗಿಸಿರ್ತಿದ್ದಳು."

"ಸಮಾಧಾನ ಮಾಡ್ಕೊಳ್ಳಿ ಟೀಚರ್. ನಾವು ಯಾರನ್ನೂ ಹೊರಗೆ ಹಾಕಿಲ್ಲ. ಕೆಲಸ ಅನ್ನೋದನ್ನ ಸೇವೆಯಾಗಿ ಎತ್ತರಿಸಿದೀವಿ, ಅಷ್ಟೇ."

"ಎತ್ತರಿಸಿದ್ರಾ? ನಿಮ್ಮ ಪಿಂಚಣಿನೂ ಹಾಗೇ ಎತ್ತರಿಸಿ ಬಿಡಿ ನೋಡೋಣ!"

ಅವರ ಮುಖ ಹುಳ್ಳಗಾಯಿತು. ನಾನು ಪಾದ್ರಿಗಳ ಕಡೆ ತಿರುಗಿದೆ. "ಫಾದರ್, ನೀವಾದ್ರೂ ಹೇಳಿ."

ಪಾದ್ರಿಗಳು ಒಳ್ಳೆಯವರು. ನಮ್ಮ ಸಂಕಟವೇ ಅದು. ಲೋಟದ ಒಳಗೆ ನೋಡುತ್ತ "ಇದರ ಬಗ್ಗೆ ಪ್ರಾರ್ಥನೆ ಮಾಡೋಣ" ಎಂದರು.

"ಮಾಡಿ ಫಾದರ್. ಎಂಟು ಬಕೆಟ್ಟಿನ ಎದುರು ನಿಂತು ಮಾಡಿ" ಎಂದು ಹೇಳಿ ಎದ್ದು ಬಂದೆ.

ಅದೇ ಸಂಜೆ ಮಕ್ಕಳನ್ನೆಲ್ಲ ನನ್ನ ಹೊಲಿಗೆ ಅಂಗಡಿಗೆ ಕರೆಸಿದೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಪಾಲನ್ನೂ ಬಿಡದೆ. ಬಟ್ಟೆ ತುಂಡುಗಳ ನಡುವೆ ಕೂತ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಗಡಿಯಾರ ಮಾತ್ರ ಗಲ್ಲ ಮುಂದೆ ಮಾಡಿ ಕೂತಿದ್ದಳು.

"ಆದ್ರೆ ಟೀಚರ್, ನಾನು ಬರೆದಿದ್ದು ನಿಜಾನೇ ಅಲ್ವಾ? ನಾವು ಎರಡೇ ಗಂಟೇಲಿ ಮುಗಿಸಿದ್ವಿ."

"ನಿಜ ಕಣೇ! ನೀನು ಕಣ್ಣು ಬಿಟ್ಟಾಗಿಂದ ಮಾತ್ರ ಬೆಳಗಾಯ್ತು ಅಂತ ಬರೆದಿದೀಯ. ಹೋಗಲಿ, ಒಂಬತ್ತು ಗಂಟೆಗೆ ಬಟ್ಟೆ ಅಷ್ಟು ಚೊಕ್ಕಟವಾಗಿ ಹೇಗಿತ್ತು ಅಂತ ನಿಂಗೆ ಒಂದು ದಿನಾನೂ ಅನ್ನಿಸಲಿಲ್ವಾ? ಹಾಸಿಗೆ ಹಿಡಿದೋರ ಬಟ್ಟೆ ಅದು!"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅವಳನ್ನು ಕೇಳಿದ ಪ್ರಶ್ನೆ ನನಗೂ ಸಲ್ಲುತ್ತದೆ ಎಂದು ಹೊಳೆದು ದನಿ ತಗ್ಗಿಸಿದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು: "ಶನಿವಾರ ನಾಲ್ಕೂವರೆಗೆ ಬಾಗಿಲು ಯಾರು ತೆಗೀತಾರೆ?"

ಅಲ್ಲಿಯವರೆಗೆ ಆಯಾ ಹೇಗೋ ದೂಡಿದ್ದಳು. ಶನಿವಾರ ನಾಲ್ಕೂವರೆಗೆ ಏಳು ಮಂದಿ ಬಂದರು, ನಾನು ಎಂಟನೆಯವಳು. ಮೊದಲ ಮುಚ್ಚಳ ತೆಗೆದದ್ದೇ ತಡ, "ಮೆಷಿನ್ನಿನಲ್ಲಿ ದೇವರನ್ನು ಕಂಡ" ಹುಡುಗ ಮೆಟ್ಟಿಲ ಮೇಲೆ ಕಾರಿಕೊಂಡ. ಒಬ್ಬಳು ಅತ್ತಳು. ಆದರೂ ಯಾರೂ ಹೋಗಲಿಲ್ಲ, ಅದನ್ನು ಹೇಳಲೇಬೇಕು. ಕೈ ಹಾಕಿದರು. ಆಮೇಲೆ ನಾವು ಬುದ್ಧಿವಂತರು ಮಾಡುವ ತಪ್ಪನ್ನೇ ಮಾಡಿದೆವು. ಬಿಸಿನೀರು ಹಾಕಿದರೆ ಕೊಳೆ ಬೇಗ ಬಿಡುತ್ತದೆ ಎಂದು ಇಡೀ ತೊಟ್ಟಿಗೆ ಕುದಿಯುವ ನೀರು ತುಂಬಿದೆವು. ಹನ್ನೊಂದು ಬೆಡ್‌ಶೀಟುಗಳಲ್ಲಿ ಕಲೆ ಬೆಂದು ಕೂತುಬಿಟ್ಟಿತು, ಕಂದು ಬಣ್ಣಕ್ಕೆ. ಆಯಾ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ, ಮೊದಲು ತಣ್ಣೀರಲ್ಲಿ ಅಲ್ವಾ ಅದನ್ನ ಬಿಡಿಸೋದು! ಅಕ್ಕನ ಹತ್ರ ಒಂದು ಮಾತು ಕೇಳಬಾರದಿತ್ತಾ?"

ವರ್ಷಗಟ್ಟಲೆ ಮಂಗಳವಾರ ಅದೇ ಕೋಣೆಯಲ್ಲಿ ಕೂತಿದ್ದೇನೆ. ತಣ್ಣೀರೋ ಬಿಸಿನೀರೋ ನನಗೂ ಗೊತ್ತಿರಲಿಲ್ಲ.

ಕೆಲಸ ಮುಗಿದಾಗ ಮಧ್ಯಾಹ್ನ ಮೂರೂಕಾಲು. ಅಷ್ಟರಲ್ಲಿ ಮೇಲೆ ಹಾಸು ಸಾಲದೆ ಒಂಬತ್ತನೇ ಮಂಚದ ಅಜ್ಜಿ ಬೆಳಗಿನಿಂದ ಬರೀ ರಬ್ಬರ್ ಶೀಟಿನ ಮೇಲೆ ಮಲಗಿದ್ದಳು. ಬೆನ್ನಿನ ಚರ್ಮ ಕೆಂಪಾಗಿ ಕಿತ್ತುಬಂದಿತ್ತು. ಗಡಿಯಾರ ಒಣಗಿದ ಬೆಡ್‌ಶೀಟು ಹಿಡಿದು ಹೋದಾಗ ಆ ಅಜ್ಜಿ "ನೊರೆಯಕ್ಕನಿಗೆ ಹುಷಾರಿಲ್ವಾ ಮಗಾ?" ಎಂದು ಕೇಳಿದಳಂತೆ. ಹುಡುಗಿ ಕೆಳಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತು ಪುಸ್ತಕ ತೆಗೆದು ಬರೆಯತೊಡಗಿದಳು. ಅಕ್ಷರ ಸೊಟ್ಟ ಸೊಟ್ಟಗಿತ್ತು. ನಾನು ತಿದ್ದಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ ಗಡಿಯಾರ ಮುಂದೆ ಹೋಗಿ ನಿಂತಳು. ನೊರೆಯಕ್ಕ ಎಂದಿನಂತೆ ಅತ್ತೆಯನ್ನು ಕರೆದುಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದಳು.

"ನಮ್ಮ ಮೊದಲನೇ ವರದಿ ತಪ್ಪು" ಎಂದು ಹುಡುಗಿ ಓದಿದಳು. "ಸರಿಯಾದದ್ದು ಇದು. ಎಂಟು ಜನ. ನಾಲ್ಕೂವರೆಯಿಂದ ಮೂರೂಕಾಲು. ಹಾಳಾದ ಬೆಡ್‌ಶೀಟು ಹನ್ನೊಂದು. ಬೆನ್ನು ಕಿತ್ತುಹೋದವರು ಒಬ್ಬರು. ಈ ಕೆಲಸವನ್ನ ನೊರೆಯಕ್ಕ ಒಬ್ಬರೇ ಮಾಡ್ತಿದ್ರು. ನಾವು ಮಾಡಿದ್ದು ಸೇವೆ ಅಲ್ಲ. ಅವರ ಕೆಲಸ ಕಿತ್ಕೊಂಡಿದ್ದು."

ಕಾರ್ಯದರ್ಶಿಗಳು ನಗುತ್ತ ಎದ್ದರು. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಮಕ್ಕಳ ಪ್ರಾಮಾಣಿಕತೆ ಮೆಚ್ಚಬೇಕಾದ್ದೇ. ತರಬೇತಿ ಸಾಲದು ಅಂತ ಇದರಿಂದ ಗೊತ್ತಾಯ್ತು. ನೊರೆಯಕ್ಕ ಇಲ್ಲೇ ಇದಾರೆ. ಒಂದು ತಿಂಗಳು ಬಂದು ಎಲ್ಲರಿಗೂ ಹೇಳಿಕೊಡಲಿ, ಸೇವೆ ಅಂತ. ಅವರಿಗೂ ಒಂದು ಸೇವಾ ಪುಸ್ತಕ ಕೊಡೋಣ. ಏನಂತೀರಿ?"

ಕೆಲವರು ತಲೆಯಾಡಿಸಿದರು, ನಿಜವಾಗಿಯೂ ಆಡಿಸಿದರು! ನನ್ನ ಬಾಯಿಗೆ ಬಂದದ್ದನ್ನು ಚರ್ಚಿನಲ್ಲಿ ಹೇಳುವಂತಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ನೊರೆಯಕ್ಕ ಎದ್ದಿದ್ದಳು.

"ಸಾರ್, ನಾನು ಹತ್ತೊಂಬತ್ತು ವರ್ಷ ಅಲ್ಲಿ ಸೇವೆ ಮಾಡಿಲ್ಲ. ಕೆಲಸ ಮಾಡಿದೀನಿ, ಸಂಬಳ ತಗೊಂಡಿದೀನಿ. ಆ ಅಜ್ಜ ಅಜ್ಜಿಯರ ಮೇಲೆ ಪ್ರೀತಿ ಇತ್ತು, ಇಲ್ಲ ಅನ್ನಲ್ಲ. ಅದು ನನ್ನ ಅವರ ಮಧ್ಯದ್ದು. ಸೇವೆ ಅಂತ ಮಾಡಿದ್ದು ಒಂದೇ ಒಂದು, ನಿಮ್ಮ ಮಕ್ಕಳ ಕೈ ಗಲೀಜಾಗದೇ ಇರಲಿ ಅಂತ ಒಂಬತ್ತು ವಾರ ಬೇಗ ಎದ್ದಿದ್ದು. ಅದಕ್ಕೆ ನನ್ನ ಅನ್ನ ಹೋಯ್ತು. ಇನ್ನು ಸೇವೆ ನನ್ನ ಕೈಲಿ ಆಗಲ್ಲ."

"ಕೂತ್ಕೊಳ್ಳಮ್ಮ, ಇದು ದೇವರ ಮನೆ" ಎಂದರು ಕಾರ್ಯದರ್ಶಿ.

"ದೇವರ ಮನೆ ಆಗಿದ್ದಕ್ಕೇ ನಿಂತು ಮಾತಾಡ್ತಿದಾಳೆ!" ಎಂದಿತು ಮುದುಕಿ, ಬೆಂಚಿನಿಂದಲೇ. "ನನ್ನ ಸೊಸೆನ ಬೈಯೋಕೆ ನಾನೊಬ್ಬಳು ಸಾಕು, ನೀವು ಬೇರೆ ಬೇಡ."

ಆಗ ನಾನೂ ಎದ್ದು, ಮಕ್ಕಳಿಂದ ಬಕೆಟ್ ಬಚ್ಚಿಡು ಎಂದು ಅವಳಿಗೆ ಹೇಳಿದ್ದು ನಾನೇ ಎಂದು ಎಲ್ಲರೆದುರು ಹೇಳಿದೆ. ಆರೈಕೆ ಮನೆಯ ಹಿರಿಯ ನರ್ಸಮ್ಮ ಎದ್ದು, "ಒಂಬತ್ತನೇ ಮಂಚದೋರ ಬೆನ್ನಿಗೆ ನಾಳೆ ಬೆಳಗ್ಗೆ ಯಾರು ಉತ್ತರ ಹೇಳ್ತೀರಿ? ನನಗೆ ಸರದಿಯೋರು ಬೇಡ. ಒಗೆಯೋರು ಬೇಕು" ಎಂದರು. ಹನ್ನೊಂದು ಮಕ್ಕಳೂ ಸೇವಾ ಪುಸ್ತಕಗಳನ್ನು ತಂದು ಪಾದ್ರಿಗಳ ಮುಂದಿನ ಮೇಜಿನ ಮೇಲಿಟ್ಟರು. ನೊರೆಯಕ್ಕ ಬರುವವರೆಗೆ ನಾವು ಆ ಕೋಣೆಗೆ ಕಾಲಿಡುವುದಿಲ್ಲ ಎಂದರು. ಪಾದ್ರಿಗಳಿಗೆ ನೋಡಲು ಆ ದಿನ ಕಾಫಿ ಲೋಟ ಇರಲಿಲ್ಲ. ಪುಸ್ತಕಗಳನ್ನು ನೋಡಿದರು, ನೊರೆಯಕ್ಕನನ್ನು ನೋಡಿದರು. "ನಾಳೆಯಿಂದ ಬಾಮ್ಮ" ಎಂದರು.

"ಬಾಯಿ ಮಾತು ಬೇಡ ಫಾದರ್" ಎಂದಳು ನೊರೆಯಕ್ಕ. "ತೆಗೆದಿದ್ದು ಕಾಗದದಲ್ಲಿ, ಇಟ್ಕೊಳ್ಳೋದೂ ಕಾಗದದಲ್ಲೇ ಆಗಲಿ. ಜೊತೆಗೆ ಇನ್ನೊಬ್ಬಳು ಸಂಬಳದ ಆಳು ಬೇಕು. ಮೂವತ್ತೆರಡು ಮಂಚ ಒಬ್ಬಳ ಕೆಲಸ ಅಲ್ಲ ಅಂತ ಈ ಮಗು ಈಗಷ್ಟೇ ಓದಿತಲ್ಲ."

ಸಮಿತಿ ಅಲ್ಲೇ ಸೇರಿತು. ಕಾರ್ಯದರ್ಶಿಗಳು ಹಲ್ಲು ಕಚ್ಚಿಕೊಂಡೇ ಸಹಿ ಹಾಕಿದರು. ಇನ್ನೊಬ್ಬ ಆಳಿನ ವಿಷಯ "ಪರಿಶೀಲನೆಯಲ್ಲಿದೆ" ಎಂದು ಇವತ್ತಿಗೂ ಹೇಳುತ್ತಿದ್ದಾರೆ, ನಾನು ಇವತ್ತಿಗೂ ವಾರಕ್ಕೊಮ್ಮೆ ಅವರ ಬಾಗಿಲು ಬಡಿಯುತ್ತಿದ್ದೇನೆ. ಮಕ್ಕಳು ಶನಿವಾರ ನಾಲ್ಕೂವರೆಗೆ ಹೋಗುತ್ತಾರೆ, ನೊರೆಯಕ್ಕನ ಕೈಕೆಳಗೆ, ಅವಳು ಹೇಳಿದ ಹಾಗೆ. ಗಡಿಯಾರಳಿಗೆ ಅವಳು ವಾರ ವಾರವೂ ಬೈಯುತ್ತಾಳೆ, ತಲೆಯನ್ನೂ ಸವರುತ್ತಾಳೆ.

ನನ್ನ ಜೊತೆ ಮಾತಿಲ್ಲ. ಏಳು ತಿಂಗಳಾಯಿತು. ಮಂಗಳವಾರ ನಾನು ಮೂಲೆಯಲ್ಲಿ ಕೂರುತ್ತೇನೆ, ಅವಳು ಹರಿದ ಬೆಡ್‌ಶೀಟುಗಳ ಕಟ್ಟು ತಂದು ನನ್ನ ಪಕ್ಕ ಇಟ್ಟು ಹೋಗುತ್ತಾಳೆ. ಹಿಂದಿನ ವಾರ ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಕ್ಕ, ಕೋಪ ಇನ್ನೂ ಹೋಗಿಲ್ವಾ?"

ಅವಳು ತೊಟ್ಟಿಯಿಂದ ಕೈ ತೆಗೆಯಲಿಲ್ಲ.

"ಹೋಗಿಲ್ಲ. ಹೋದಾಗ ನಾನೇ ಹೇಳ್ತೀನಿ. ಆ ಅಂಚಿಗೆ ಇನ್ನೊಂದು ಸಲ ಹೊಲಿಗೆ ಹಾಕು, ಅಜ್ಜಿಗೆ ಒತ್ತುತ್ತೆ."